ಪಟದೊಳಗಿನ ಹುಡುಗನ ಹೆಂಡತಿ

ಚಳಿ ಶುರುವಾಯಿತೆಂದು ಅಟ್ಟದ ಮೇಲಿನ ಕೌದಿಗಳನ್ನು ಇಳಿಸಿ ಒಗೆಯಲು ಕೂತೆ. ಒಂದನ್ನು ಬಿಡಿಸಿದರೆ ಅದರ ಮೂಲೆಗೆ ನಮ್ಮ ಯಜಮಾನರ ಮೀಸೆ ಅಂಟಿಕೊಂಡಿತ್ತು.

ಗಾಬರಿಯಾಗಬೇಡಿ. ಯಜಮಾನರು ಚೆನ್ನಾಗಿದ್ದಾರೆ, ಪಡಸಾಲೆಯಲ್ಲಿ ಕೂತು ಚುರುಮುರಿ ತಿನ್ನುತ್ತಿದ್ದಾರೆ. ಅವರ ಮೀಸೆಯೂ ಮೂಗಿನ ಕೆಳಗೆ ಇದ್ದಲ್ಲೇ ಇದೆ, ಬೆಳ್ಳಗಾಗಿದೆ ಅಷ್ಟೇ. ಕೌದಿಯ ಮೇಲಿರುವುದು ಎಣ್ಣೆಬಣ್ಣದ ಮೀಸೆ. ಅದನ್ನು ನಾನು ಸೋಡಾ ಹಾಕಿ ಕುದಿಸಿದ್ದೇನೆ, ಸೀಮೆಎಣ್ಣೆ ಹಚ್ಚಿ ತಿಕ್ಕಿದ್ದೇನೆ, ಮನಸ್ಸಿನಲ್ಲಿ ಒಬ್ಬಿಬ್ಬರನ್ನು ನೆನೆಸಿಕೊಂಡು ಕಲ್ಲಿಗೆ ಬಡಿದಿದ್ದೇನೆ. ಕೌದಿಯ ಹೊಲಿಗೆ ಬಿಟ್ಟಿತು, ಮೀಸೆ ಬಿಡಲಿಲ್ಲ. ನಮ್ಮತ್ತೆ ಮಾಡಿಸಿದ್ದು ಯಾವುದೂ ಅಷ್ಟು ಸುಲಭಕ್ಕೆ ಹೋಗುವಂಥದ್ದಲ್ಲ.

ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲಿ ಅರ್ಧ ಬಾಗಿಲಿನಷ್ಟು ದೊಡ್ಡದೊಂದು ಪಟವಿದೆ. ಅದರೊಳಗೆ ಒಬ್ಬ ಹುಡುಗ ನಿಂತಿದ್ದಾನೆ. ಉದ್ದ ಕತ್ತು, ಅಗಲ ಕಾಲರಿನ ಅಂಗಿ, ಗಾಳಿಗೆ ಬಿಚ್ಚಿಕೊಂಡ ಕಿಟಕಿಯ ಹಾಗೆ ಎರಡು ಕಿವಿ. ಗದ್ದದ ಮೇಲೆ ಒಂದು ಮೊಡವೆ. ನಗಬೇಕೋ, ಏನಾದರೂ ಕೇಳಬೇಕೋ ತಿಳಿಯದೆ ಅರೆತೆರೆದ ಬಾಯಿ. ಇನ್ನೂ ಯಾರಿಗೂ ಉತ್ತರ ಹೇಳಬೇಕಾಗಿ ಬಂದಿರದ ಮುಖ ಅದು. ಆ ಹುಡುಗ ನನ್ನ ಗಂಡ. ಅವನನ್ನು ನಾನು ಕಂಡಿಲ್ಲ. ನನಗೆ ಗಂಟುಬಿದ್ದವರು ಅವನು ಬೆಳೆದು, ತಲೆಯ ಮುಂಭಾಗದ ಕೂದಲು ಉದುರಿದ ಮೇಲೆ ಉಳಿದವರು.

ಪಟದ ಮೂಲ ಖಾನಾಪುರ. ನಮ್ಮವರಿಗೆ ಆಗ ಹದಿನೇಳು ಮುಗಿದು ಹದಿನೆಂಟಕ್ಕೆ ಬಿದ್ದಿತ್ತು. ಬೆಳಗಾವಿಗೆ ಹೋಗಿ ಐಟಿಐ ಸೇರುವುದೆಂದು ನಿಶ್ಚಯವಾಗಿತ್ತು. ಖಾನಾಪುರದಿಂದ ಬೆಳಗಾವಿ ಎಂದರೆ ಅದೇನು ಕಾಶಿಯೆ? ಬೆಳಿಗ್ಗೆ ಹೋದವರು ಸಂತೆ ಮುಗಿಸಿ ಮಧ್ಯಾಹ್ನದ ರೊಟ್ಟಿಗೆ ಮನೆಯಲ್ಲಿರುತ್ತಾರೆ. ಆದರೆ ಅತ್ತೆಯ ವಿಚಾರವೇ ಬೇರೆ.

“ಹುಡುಗ ಹೋಗ್ತಾನ, ಗಂಡಸು ಬರ್ತಾನ. ಹುಡುಗ ಮತ್ತ ಎಲ್ಲಿಂದ ಸಿಗಬೇಕು?” ಎಂದು ಇವತ್ತಿಗೂ ಕೇಳುತ್ತಾರೆ.

ಅದಕ್ಕೊಂದು ಫೋಟೋ ತೆಗೆಸಿದ್ದರೆ ಸಾಕಿತ್ತಲ್ಲ ಎಂದು ಹೊಸದರಲ್ಲಿ ನಾನು ಜಾಣತನ ತೋರಿಸಿದ್ದೆ. “ಫೋಟೋದಾಗ ಒಮ್ಮೆ ಬಂದದ್ದು ಬಂತು ಯವ್ವಾ. ಪಟಾ ಆದ್ರ ತಿದ್ದಬಹುದು,” ಎಂದರು ಅತ್ತೆ. ಆ ಕೊನೆಯ ಮಾತಿನ ಅರ್ಥ ನನಗೆ ಆಗ ಹೊಳೆದಿದ್ದರೆ ಮರುದಿನವೇ ತವರಿಗೆ ಹೋಗಿಬಿಡುತ್ತಿದ್ದೆನೇನೋ.

ಬರೆದವನು ದಸ್ತಗೀರಣ್ಣ. ಖಾನಾಪುರದ ಪೇಟೆಯಲ್ಲಿ ಅವನ ಮನೆತನ ಎಷ್ಟು ತಲೆಮಾರಿನಿಂದ ಇದೆಯೋ ಅವನಿಗೇ ಗೊತ್ತಿಲ್ಲ. ಅಂಗಡಿಗಳ ಬೋರ್ಡು ಬರೆಯುವುದು, ಲಾರಿಗಳ ಹಿಂದೆ ನವಿಲು ಕೂಡಿಸುವುದು, ತೀರಿಕೊಂಡವರ ಪಟ ಮಾಡಿಕೊಡುವುದು ಅವನ ಉದ್ಯೋಗ. ಮೂಗು ಬರೆಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ ಎಂದು ಅವನೇ ಹೇಳುತ್ತಿದ್ದ. ಕೈ ಮಾತ್ರ ಅವನಿಗೆ ಬರುತ್ತಿರಲಿಲ್ಲ. ಅದಕ್ಕೇ ಅವನು ಬರೆದವರೆಲ್ಲರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ ನಿಂತಿರುತ್ತಾರೆ.

ಬದುಕಿದ್ದವರನ್ನು ಅವನು ಅಲ್ಲಿಯವರೆಗೆ ಬರೆದೇ ಇರಲಿಲ್ಲ. ತೀರಿಕೊಂಡವರ ಕಣ್ಣುಗಳನ್ನು ತುಸು ಮೇಲಕ್ಕೆ ಎತ್ತಿ ಬರೆಯುವುದು ಅವನ ಪದ್ಧತಿ. ದೇವರ ಕಡೆ ನೋಡುತ್ತಿದ್ದಾರೆಂದು ಮನೆಯವರಿಗೆ ಸಮಾಧಾನ. ರೂಢಿಬಿದ್ದ ಕೈ ಕೇಳಬೇಕಲ್ಲ. ತನ್ನ ಅಂಗಳದಲ್ಲಿ ಜೀವಂತ ನಿಂತು ಸೊಳ್ಳೆ ಹೊಡೆದುಕೊಳ್ಳುತ್ತಿದ್ದ ಹುಡುಗನ ಕಣ್ಣನ್ನೂ ಹಾಗೇ ಎತ್ತಿಬಿಟ್ಟ.

ಅಲ್ಲಿಗೆ ಮುಗಿಯಿತು. ಅಂದಿನಿಂದ ಆ ಪಟವನ್ನು ನೋಡಿದವರೆಲ್ಲ ನಮ್ಮವರನ್ನು ಸತ್ತರೆಂದೇ ತಿಳಿಯುತ್ತ ಬಂದಿದ್ದಾರೆ. ಸಿಲಿಂಡರು ಹೊತ್ತು ತಂದವರು ಅದನ್ನು ಇಳಿಸಿ ಪಟಕ್ಕೆ ಕೈ ಮುಗಿದಿದ್ದಾರೆ. ಪಂಚಮಿಗೆ ಉಂಡಿ ಕೊಡಲು ಬಂದ ಓಣಿಯ ಹೆಂಗಸರು ದನಿ ತಗ್ಗಿಸಿದ್ದಾರೆ. ಒಮ್ಮೆ ಬೀಗರ ಕಡೆಯ ಮುದುಕರೊಬ್ಬರು ತಾವು ತಂದಿದ್ದ ಹೂವಿನಹಾರವನ್ನು ಹಾಕಿಯೇಬಿಟ್ಟರು. ನಮ್ಮವರು ಕುರ್ಚಿ ಕೊಟ್ಟು ಏರಿಸಿದರು! ‘ನಾನೇ ಅವನು’ ಅಂತ ಒಂದು ಮಾತು ಹೇಳಲು ಏನಾಗಿತ್ತು ಎಂದು ಆಮೇಲೆ ಕೇಳಿದರೆ, “ಪಾಪ, ಹೂವಾ ತಂದಿದ್ರು,” ಎಂದರು.

ಇನ್ನು ತಿದ್ದುಪಡಿಯ ಕಥೆ ಕೇಳಿ.

ನಮ್ಮವರಿಗೆ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಸಿಕ್ಕಿತು. ಮೊದಲ ಪಗಾರದಲ್ಲಿ ಕೈಗಡಿಯಾರ ಕೊಂಡರು. ಅತ್ತೆ ಪಟವನ್ನು ದಸ್ತಗೀರಣ್ಣನ ಅಂಗಳಕ್ಕೆ ಹೊರಿಸಿದರು. “ಗಡಿಯಾರ ಬರೀಪಾ.” ಗಡಿಯಾರ ಬರೆಯಲು ಮಣಿಕಟ್ಟು ಬೇಕು, ಮಣಿಕಟ್ಟು ಬೇಕೆಂದರೆ ಬೆನ್ನ ಹಿಂದಿನ ಕೈ ಮುಂದೆ ಬರಬೇಕು. ದಸ್ತಗೀರಣ್ಣ ಬೆವತುಹೋದನಂತೆ. ಕಡೆಗೆ ಮುಂದೆ ಬಂದ ಆ ಕೈ ಇವತ್ತಿಗೂ ಪಟದಲ್ಲಿದೆ: ಒಂದು ಚಿಪ್ಪು ಬಾಳೆಹಣ್ಣಿಗೆ ಗಡಿಯಾರ ಕಟ್ಟಿದ ಹಾಗೆ.

ಆಮೇಲೆ ಕೆಲಸ ಕಾಯಂ ಆದಾಗ ಜೇಬಿಗೊಂದು ಪೆನ್ನು ಬಂತು. ಹೆಣ್ಣು ನೋಡಲು ಶುರುಮಾಡಿದಾಗ ಮೀಸೆ ಬಂತು. ಹುಡುಗನ ತುಟಿಯ ಮೇಲೆ ಮೂಲದಲ್ಲಿದ್ದದ್ದು ಹಾಲು ಕುಡಿದ ಮೇಲೆ ಒರೆಸಿಕೊಳ್ಳದಿದ್ದರೆ ಕಾಣುವಂಥ ಒಂದು ನೆರಳು. ಅದರ ಮೇಲೆ ಹವಾಲ್ದಾರನ ಮೀಸೆ ಕೂತಿತು. ಬಣ್ಣ ಆರುವವರೆಗೆ ತಾಳ್ಮೆಯಿಲ್ಲದೆ ಕೌದಿಯಲ್ಲಿ ಸುತ್ತಿ ತಂದದ್ದರಿಂದ ಅರ್ಧ ಮೀಸೆ ಕೌದಿಗೆ ಹೋಯಿತು. ದಸ್ತಗೀರಣ್ಣ ಮತ್ತೆ ಬರೆದುಕೊಟ್ಟ. ಮನೆಗೆ ಬಂದ ಸ್ವಾಮಿಗಳೊಬ್ಬರು ಹುಡುಗನ ಹಣೆ ಬರಿದಾಗಿದೆ ಎಂದದ್ದಕ್ಕೆ ವಿಭೂತಿ ಬಂತು. ಇಷ್ಟೆಲ್ಲ ಹೊತ್ತರೂ ಹುಡುಗ ಮಾತ್ರ ಅದೇ ಹುಡುಗ, ಮೊಡವೆಯೂ ಮಾಯಲಿಲ್ಲ. ಯಾರದೋ ಮದುವೆಯಲ್ಲಿ ದೊಡ್ಡವರ ಸಾಮಾನು ಕಾಯಲು ನಿಲ್ಲಿಸಿದವನ ಹಾಗೆ ಕಾಣುತ್ತಾನೆ.

ನನ್ನನ್ನು ನೋಡಲು ಬಂದದ್ದೂ ಆ ಪಟವೇ. ಸುಳ್ಳಲ್ಲ. ಬೆಳಗಾವಿಯ ಶಹಾಪುರದ ನಮ್ಮ ತವರುಮನೆಗೆ ಇಂಥ ದಿನ ಬರುತ್ತೇವೆಂದು ಹೇಳಿಕಳಿಸಿದ್ದರು. ಅವತ್ತೇ ಫೌಂಡ್ರಿಯಲ್ಲಿ ಏನೋ ಅವಸರದ ಕೆಲಸವಾಗಿ ನಮ್ಮವರಿಗೆ ರಜೆ ಸಿಗಲಿಲ್ಲ. ಆಡಿದ ಮಾತು ತಪ್ಪಬಾರದೆಂದು ಅತ್ತೆ ಪಟವನ್ನು ಕೌದಿಯಲ್ಲಿ ಸುತ್ತಿ, ರಿಕ್ಷಾದಲ್ಲಿ ಹಾಕಿಕೊಂಡು ಬಂದರು. ನಮ್ಮ ಮಗ್ಗದ ಪಕ್ಕದ ಗೋಡೆಗೆ ಅದನ್ನು ಆನಿಸಿ ಇಟ್ಟು, “ಇವ ನೋಡ್ರಿ ನಮ್ಮ ಶಿವು,” ಎಂದರು. ನಮ್ಮಜ್ಜಿ ನನ್ನನ್ನು ಕರೆದುಕೊಂಡು ಬಂದು ಪಟದ ಎದುರಿಗೆ ಕೂರಿಸಿ, “ಮುಖಾ ಎತ್ತು, ಅವಂಗ ಕಾಣ್ಲಿ,” ಎಂದಳು. ನಾನು ಎತ್ತಿದೆ. ಹುಡುಗ ನನ್ನನ್ನು ನೋಡಲಿಲ್ಲ. ದೇವರ ಕಡೆ ನೋಡುತ್ತಿದ್ದ.

ನಮ್ಮಪ್ಪ ಪಟದ ಮುಂದೆ ಬಹಳ ಹೊತ್ತು ನಿಂತಿದ್ದರು. “ಮೂಗು ಛಲೋ ಐತಿ,” ಎಂದು ಒಪ್ಪಿಕೊಂಡರು. ನಿಜವಾದ ವರ ಮುಂದಿನ ವಾರ ಬಂದಾಗ ಅಪ್ಪ ಅವರ ತಲೆಯನ್ನೊಮ್ಮೆ ನೋಡಿ, ಪಟವನ್ನು ನೆನೆದು, ಒಳಗೆ ಬಂದು ಅವ್ವನಿಗೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತ್ತು: “ಇವ ಅವನ ಕಾಕಾ ಇರಬೇಕು.”

ಮದುವೆಯಾಯಿತು. ಆ ವರ್ಷವೇ ಪಟ ಮತ್ತೆ ದಸ್ತಗೀರಣ್ಣನ ಅಂಗಳಕ್ಕೆ ಹೊರಟಿತು. ನನಗೆ ಒಳಗೊಳಗೇ ಆಸೆ. ಪಟದ ಎಡಭಾಗದಲ್ಲಿ ದಸ್ತಗೀರಣ್ಣ ಬರೆದ ಒಂದು ಕೆಂಪು ಪರದೆಯಿತ್ತು, ಯಾವ ಕೆಲಸಕ್ಕೂ ಬಾರದ್ದು. ಅಲ್ಲಿ ನನ್ನನ್ನು ಬರೆಸುತ್ತಾರೆಂದುಕೊಂಡು ಯಾವ ಸೀರೆ ಉಡಬೇಕೆಂದು ಎರಡು ದಿನ ಟ್ರಂಕು ಕೆದರಿದೆ. ಪಟ ವಾಪಸು ಬಂತು. ಬಾಳೆಹಣ್ಣಿನ ಒಂದು ಬೆರಳಿಗೆ ಚಿನ್ನದ ಉಂಗುರ ಬಂದಿತ್ತು. ಮದುವೆಯಲ್ಲಿ ನಮ್ಮಪ್ಪ ಕೊಟ್ಟ ಉಂಗುರ. ಸೊಸೆ ಬಂದದ್ದರ ಗುರುತು ಅಷ್ಟೇ.

ಆ ಉಂಗುರವನ್ನು ನಾನು ಎಷ್ಟು ವರ್ಷ ಧೂಳು ಹೊಡೆದೆನೋ. ಏನೂ ಅನ್ನಲಿಲ್ಲ. ಅನ್ನದಿದ್ದುದು ಒಳಗೆ ಹುಳಿಹಿಟ್ಟಿನ ಹಾಗೆ ಉಬ್ಬುತ್ತದೆ ಎಂಬುದು ಆಗ ಗೊತ್ತಿರಲಿಲ್ಲ.

ಅತ್ತೆ ನಮ್ಮ ಜೊತೆಗೆ ಟಿಳಕವಾಡಿಗೆ ಬಂದಾಗ ಪಟವೂ ಬಂತು. ಅತ್ತೆ ನಮ್ಮವರನ್ನು ಎಂದೂ ಬೈದವರಲ್ಲ. ಸಿಟ್ಟು ಬಂದರೆ ಪಟದ ಹುಡುಗನ ಮುಂದೆ ನಿಂತು ಚಾಡಿ ಹೇಳುತ್ತಾರೆ: “ನೋಡಪಾ, ಆ ಶಿವ್ಯಾ ಮತ್ತ ಸಿಗರೇಟ ಸೇದಿ ಬಂದಾನ. ನೀ ಹಂಗ ಮಾಡಬ್ಯಾಡ.” ನಮ್ಮ ಮಗಳು ಚಿಕ್ಕವಳಿದ್ದಾಗ ಪಟವನ್ನು ‘ಅಣ್ಣಾ’ ಎಂದು ಕರೆಯುತ್ತಿದ್ದಳು. ನನಗೆ ಮಗ ಇಲ್ಲ. ಆದರೂ ಬಂದವರಿಗೆಲ್ಲ, ಇಲ್ಲ, ನನ್ನ ಮಗ ತೀರಿಕೊಂಡಿಲ್ಲ, ಅವನು ನನ್ನ ಮಗನೇ ಅಲ್ಲ, ತೀರಿಕೊಂಡೂ ಇಲ್ಲ, ಒಳಗೆ ಹಲ್ಲು ತಿಕ್ಕುತ್ತಿದ್ದಾರೆ ಎಂದು ವಿವರಿಸುವುದರಲ್ಲಿ ನನ್ನ ಆಯುಷ್ಯದ ಒಂದು ಪಾಲು ಸವೆದಿದೆ.

ಹೋದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಎಲುಬಿಗೇನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಅವತ್ತಿನಿಂದ ಅವರಿಗೆ ಹಂಚುವ ಹುಚ್ಚು ಹಿಡಿಯಿತು. ತಾಮ್ರದ ಕೊಡ ತಂಗಿಯ ಮಗಳಿಗೆ, ಒಳಕಲ್ಲು ಎದುರುಮನೆಯವಳಿಗೆ, ಇಳಕಲ್ ಸೀರೆ ನಮ್ಮ ಮಗಳಿಗೆ. ಒಂದು ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಪಡಸಾಲೆಯಿಂದ ಕೂಗಿದರು.

“ಸುಮಂಗಲಾ, ಗ್ವಾಡಿ ಮ್ಯಾಲಿನ ಪಟಾ ಇಳಸು.”

ನನ್ನ ಕೈಯಲ್ಲಿನ ರೊಟ್ಟಿ ತಾನಾಗಿ ದುಂಡಗಾಯಿತು. “ಯಾರಿಗೆ ಕೊಡಾಕತ್ತೀರಿ ಅತ್ತಿ?” ಎಂದು ಹಿಟ್ಟಿನ ಕೈಯಲ್ಲೇ ಓಡಿಬಂದೆ.

“ಕೊಡಾಕ ಅದೇನ ಕೊಡಾ ಏನ? ದಸ್ತಗೀರನ ಕಡೆ ಒಯ್ಯೂಣು. ಅದರಾಗ ನಿನ್ನ ಬರಸೂದೈತಿ.”

ನನಗೆ ಎಲ್ಲಿತ್ತೋ ಸಿಟ್ಟು. “ಈಗೇನ್ರಿ? ಉಂಗುರಾ ಬರಸಿದಾಗ ನಾ ನಿಮಗ ಕಾಣಲಿಲ್ಲೇನು?”

“ಆವಾಗ ಜಾಗಾ ಎಲ್ಲಿತ್ತು?”

“ಈಗ ಎಲ್ಲಿಂದ ಬಂತ್ರಿ?”

“ಆ ಪರದೆ ಅಳಸಿದ್ರ ಆತು.”

“ಅತ್ತಿ, ನಂಗ ಮಂಡಿ ನೋವು ಬಂದಾವು, ತಲಿ ಹಣ್ಣಾಗೇತಿ. ಹುಡುಗನ ಬಾಜೂಕ ನಾ ಕುಂತ್ರ ಮಂದಿ ನಗತಾರ.”

“ಈಗಿನ ನಿನ್ನ ಯಾರು ಬರಸ್ತಾರ? ಹದಿನೇಳರಾಗಿನ ನಿನ್ನ ಬರಸೂದು. ಜೋಡಿ ಹೊಂದಬೇಕಲ್ಲ,” ಎಂದು ಅತ್ತೆ ತೀರ್ಪು ಕೊಟ್ಟು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ಎಲೆ ಅಡಿಕೆ ಬಾಯಿಗೆ ಹೋಯಿತೆಂದರೆ ವಾದ ಮುಗಿಯಿತೆಂದು ಅರ್ಥ.

ನಮ್ಮವರ ಕಡೆ ತಿರುಗಿದೆ. “ನೀವರ ಒಂದ ಮಾತ ಹೇಳ್ರಿ.”

“ನಂಗ ಉದ್ಯಮಬಾಗದಾಗ ಸ್ವಲ್ಪ ಕೆಲಸಾ ಐತಿ,” ಎಂದರು, ನಿವೃತ್ತಿಯಾದ ಮನುಷ್ಯ.

ಆದರೂ ಪಟ ಹೊರಲು ಅವರು ಬೇಕಿತ್ತು. ಮುಂಜಾನೆಯ ಪ್ಯಾಸೆಂಜರ್ ಗಾಡಿಗೆ ಖಾನಾಪುರಕ್ಕೆ ಹೊರಟೆವು. ಅತ್ತೆ ಕಿಟಕಿಯ ಪಕ್ಕ, ಅವರ ಎದುರಿಗೆ ನಾವಿಬ್ಬರು, ನಮ್ಮಿಬ್ಬರ ತೊಡೆಯ ಮೇಲೆ ಕೌದಿ ಸುತ್ತಿದ ಹುಡುಗ. ಸೆಕೆಗೆ ಬಣ್ಣ ಬೆವರೀತೆಂದು ಅತ್ತೆ ಮುಖದ ಮೇಲಿನ ಕೌದಿಯನ್ನು ಸರಿಸಿದ್ದರು. ದೇಸೂರಿನಲ್ಲಿ ಹಾಲಿನ ಕ್ಯಾನು ಹಿಡಿದ ಹಿರಿಯರೊಬ್ಬರು ಹತ್ತಿ, ಪಟ ನೋಡಿ, ಟೋಪಿ ತೆಗೆದರು.

“ಎಷ್ಟ ವಯಸ್ಸಿನ್ಯಾಗ ಹೋದ್ನವ್ವಾ?”

ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮವರು, “ಹದಿನೆಂಟು ನಡದಿತ್ರಿ,” ಎಂದರು.

“ಛೇ ಛೇ. ಏನಾಗಿತ್ತ್ರಿ?”

“ಐಟಿಐಕ ಹೋಗಿದ್ದ್ರಿ.”

ಹಿರಿಯರು ನಾಲಿಗೆ ಲೊಚಗುಟ್ಟಿದರು. “ಛಲೋ ಮಂದೀನ್ನ ದೇವರು ಲಗೂನ ಕರಕೋತಾನ್ರಿ. ನಮ್ಮಂಥಾವರನ್ನ ಹಾಲ ಹಾಕಾಕ ಬಿಡತಾನ.” ಆಮೇಲೆ ನಮ್ಮವರ ಹೆಗಲು ತಟ್ಟಿ, “ಧೈರ್ಯ ತಗೋರಿ,” ಎಂದರು. ನಮ್ಮವರು ಧೈರ್ಯ ತೆಗೆದುಕೊಂಡರು. ನಾನು ಸೀರೆಯ ಸೆರಗನ್ನು ಬಾಯಿಗೆ ಒತ್ತಿ ಹಿಡಿದದ್ದು ಸಿಟ್ಟಿಗೆ. ಹಿರಿಯರಿಗೆ ಅದು ದುಃಖವಾಗಿ ಕಂಡು ಅವರ ಕಣ್ಣಲ್ಲೂ ನೀರು ಬಂತು. ಅತ್ತೆ ಮಾತ್ರ ಕಿಟಕಿಯ ಹೊರಗೆ ನೋಡುತ್ತ, “ಖರೇ ಐತಿ. ಹೋದಾವ ತಿರುಗಿ ಬರಲಿಲ್ಲ,” ಎಂದರು. ಅವರು ತಮಾಷೆಗೆ ಹೇಳಿದರೋ ನಿಜಕ್ಕೂ ಹೇಳಿದರೋ ಗೊತ್ತಾಗಲಿಲ್ಲ.

ದಸ್ತಗೀರಣ್ಣನ ಗಡ್ಡ ಈಗ ಪೂರ್ತಿ ಬಿಳಿ. ಫ್ಲೆಕ್ಸು ಬಂದ ಮೇಲೆ ಬೋರ್ಡಿನ ಕೆಲಸ ನಿಂತುಹೋಗಿದೆ. ಆದರೂ ಜಂಬ ನಿಂತಿಲ್ಲ. ಪಟವನ್ನು ಬಿಚ್ಚಿದ ಕೂಡಲೇ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಅತ್ತಿಗೆಯಾದ ನನ್ನನ್ನು ಕರೆದ.

“ಮೂಗು ನೋಡ್ರಿ ವೈನಿ, ಮೂಗು! ಅರೇ, ಇಂಥಾ ಮೂಗು ಈಗ ಯಾರ ತಗೀತಾರ?”

“ಕೈ ನೋಡೇನಿ ಅಣ್ಣಾ,” ಎಂದೆ.

ಅವನು ಕೇಳಿಸದವನಂತೆ ಬಣ್ಣದ ಡಬ್ಬಿ ಹುಡುಕಿದ. ನಮ್ಮವರು ಚಹಾ ಕುಡಿದು ಬರುತ್ತೇನೆಂದು ಎದುರಿನ ಹೋಟೆಲಿಗೆ ಹೋದವರು ಅಲ್ಲೇ ಬೇರು ಬಿಟ್ಟರು.

“ವೈನಿ, ನಿಮ್ಮ ಹದಿನೇಳರಾಗಿನ ಫೋಟೋ ಕೊಡ್ರಿ.”

ಇಲ್ಲ. ನಮ್ಮ ಮನೆಯಲ್ಲಿ ಹುಡುಗಿಯರ ಫೋಟೋ ತೆಗೆಸುವ ರೂಢಿ ಇರಲಿಲ್ಲ. ಶಾಲೆಯ ಒಂದು ಗುಂಪಿನ ಫೋಟೋ ಇದೆ, ಅದರಲ್ಲಿ ನನ್ನ ಮುಖ ಮಸೂರಬೇಳೆಯಷ್ಟು. ಮದುವೆಯ ಫೋಟೋದಲ್ಲಿ ಬಾಸಿಂಗದ ಕೆಳಗೆ ಒಂದು ಗದ್ದ ಮಾತ್ರ ಕಾಣುತ್ತದೆ.

“ಹೋಗ್ಲಿ, ಹೆಂಗಿದ್ರಿ ಅಂತ ಹೇಳ್ರಿ. ನಾ ಬರೀತೇನಿ.”

ನಾನು ಯೋಚಿಸಿದೆ. ಹದಿನೇಳರಲ್ಲಿ ನಾನು ಮಗ್ಗದ ಪಕ್ಕ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಬೆರಳ ತುದಿಗಳು ಯಾವಾಗಲೂ ನೂಲಿನ ಬಣ್ಣ. ರಾಟೆಯ ಸದ್ದು, ಅವ್ವನ ಬೈಗುಳ, ಟೀಚರ್ ಟ್ರೇನಿಂಗಿಗೆ ಹೋಗುತ್ತೇನೆಂದು ಅತ್ತಿದ್ದು, ಅಜ್ಜಿ ತಲೆ ಬಾಚಿ ಎರಡು ಜಡೆ ಹಾಕಿ ಜಗ್ಗಿದ್ದು, ಎಲ್ಲ ನೆನಪಾಯಿತು. ಮುಖ ಮಾತ್ರ ಬರಲಿಲ್ಲ. ನಮ್ಮ ಮನೆಯಲ್ಲಿದ್ದ ಒಂದೇ ಕನ್ನಡಿಯನ್ನು ಅಪ್ಪ ತಮ್ಮ ಗಡ್ಡ ಕೆರೆಯುವ ಎತ್ತರಕ್ಕೆ ಮೊಳೆ ಹೊಡೆದು ತೂಗುಹಾಕಿದ್ದರು. ನನಗೆ ಅದರಲ್ಲಿ ಕಾಣುತ್ತಿದ್ದುದು ಬೈತಲೆಯೊಂದೇ. ಎದುರಿಗಿದ್ದ ಹುಡುಗನ ಮೊಡವೆಯೂ ಯಾರಿಗೋ ಬೇಕೆನಿಸಿ ಉಳಿದಿದೆ. ಆ ಹುಡುಗಿಯನ್ನು ಯಾರೂ ಇಟ್ಟುಕೊಂಡಿಲ್ಲ, ನಾನೂ ಇಟ್ಟುಕೊಂಡಿಲ್ಲ.

“ನೆನಪಿಲ್ಲ ಅಣ್ಣಾ,” ಎಂದೆ.

“ಅದಕ್ಯಾಕ ಚಿಂತಿ?” ಎಂದು ಅವನು ಕೆಂಪು ಪರದೆಯ ಮೇಲೆ ಸೀಮೆಸುಣ್ಣದಿಂದ ಸರಸರ ಎಳೆದುಬಿಟ್ಟ. ನೋಡುತ್ತೇನೆ, ಹುಡುಗನ ಪಕ್ಕದಲ್ಲಿ ಕ್ಯಾಲೆಂಡರಿನಿಂದ ಎದ್ದುಬಂದಂಥ ಹೆಣ್ಣು! ಕೆನ್ನೆಯ ಮೇಲೆ ಗುಂಗುರು ಕೂದಲು, ಹುಣಸೆಬೀಜದಷ್ಟು ಬಾಯಿ. ಕೈ ಬರೆಯುವ ಕಷ್ಟ ತಪ್ಪಿಸಲು ಎದೆಯ ಮುಂದೆ ಒಂದು ದೊಡ್ಡ ಕಮಲದ ಹೂವು.

“ಇಕಿ ಯಾರು?”

“ನೀವ ವೈನಿ!”

“ನಾ ಹಿಂಗ ಇದ್ದಿದ್ರ ಖಾನಾಪುರಕ್ಕ ಯಾಕ ಸೊಸಿ ಆಗಿ ಬರತಿದ್ದೆ?”

ಕಟ್ಟೆಯ ಮೇಲೆ ಕೂತಿದ್ದ ಅತ್ತೆ ಬಾಗಿ ನೋಡಿದರು. “ಚಂದ ಅದಾಳಲ್ಲ. ಇರ್ಲಿ ಬಿಡು.”

ಅದೇ ನನ್ನ ತಾಳ್ಮೆಯ ಕೊನೆ. “ಇರ್ಲಿ ಅಂದ್ರ? ಯಾವಾಕೀನೋ ತಂದು ನನ್ನ ಗಂಡನ ಬಾಜೂಕ ನಿಲ್ಲಸ್ತೀರಿ, ದಿನಾ ಮುಂಜಾನೆದ್ದು ನಾ ಆ ಸವತಿ ಮಾರಿ ನೋಡಬೇಕು, ಅಕೀಗೆ ಧೂಳ ಹೊಡೀಬೇಕು? ಉಂಗುರದಾಗ ನನ್ನ ಮುಗಿಸಿದ್ರಿ, ನಾ ಸುಮ್ಮಕಿದ್ದೆ. ಈಗ ನನ್ನ ಹೆಸರಿನ್ಯಾಗ ಬ್ಯಾರೆಯಾಕಿನ್ನ ಕುಂದರಸ್ತೀರಿ. ಅಣ್ಣಾ, ಅಳಸ್ರಿ ಅಕೀನ!”

ಎದುರಿನ ಹೋಟೆಲಿನಲ್ಲಿ ನಮ್ಮವರು ತುಟಿಗೆ ಎತ್ತಿದ ಚಹಾದ ಬಸಿ ಅರ್ಧದಲ್ಲೇ ನಿಂತಿತು.

ನಾನೇ ಒಂದು ಬಣ್ಣದ ಡಬ್ಬಿಯನ್ನು ಬೋರಲು ಹಾಕಿ, ಅದರ ಮೇಲೆ ಕೂತೆ. “ಬರೀಬೇಕಂದ್ರ ನನ್ನ ಬರೀರಿ. ಇದ್ದಂಗ. ಈ ಬಿಳಿ ಕೂದಲಾ, ಈ ಚಷ್ಮಾ, ಗಲ್ಲದ ಮ್ಯಾಲಿನ ನರೂಲಿ ಸುದ್ದಾ. ಇಲ್ಲಂದ್ರ ಪರದೇನ ಇರ್ಲಿ.”

ದಸ್ತಗೀರಣ್ಣ ಅತ್ತೆಯ ಮುಖ ನೋಡಿದ. “ಅವ್ವಾರ… ವೈನಿ ತಪ್ಪ ತಿಳೀಬಾರ್ದು. ಹುಡುಗನ ಬಾಜೂಕ ಹಿಂಗ ಕುಂತ್ರ, ಅವನ ತಾಯಿ ಕಂಡಂಗ ಕಾಣತಾರ.”

ಅತ್ತೆ ನನ್ನನ್ನು ನೋಡಿದರು. ಬಾಯಲ್ಲಿ ಎಲೆ ಅಡಿಕೆ ಇರಲಿಲ್ಲ. ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಅಷ್ಟು ಹೊತ್ತು ನೋಡಿದ್ದು ನನಗೆ ನೆನಪಿಲ್ಲ. ಆಮೇಲೆ ಹುಡುಗನನ್ನು ನೋಡಿದರು.

“ಕಾಣ್ಲಿ,” ಎಂದರು. ತಮ್ಮಷ್ಟಕ್ಕೆ ಎಂಬಂತೆ ಮುಂದುವರಿಸಿದರು: “ನಾ ಬಚ್ಚಲದಾಗ ಬಿದ್ದಾಗ ಮೊದಲ ಇವನ ಮಾರಿ ಕಣ್ಣ ಮುಂದ ಬಂತು. ನನ್ನ ಹಿಂದ ಇವಂಗ ಯಾರರ ಬೇಕಲ್ಲಾ. ಇವನ ವಯಸ್ಸಿನಾಕೀನ ಕುಂದರಿಸಿದ್ರ ಇಬ್ರೂ ಹುಡುಗರಾ. ಇಬ್ಬರನ್ನ ಯಾರ ನೋಡ್ಕೋಬೇಕು? ಬರೀಪಾ, ಅಕಿ ಹೆಂಗದಾಳ ಹಂಗ ಬರೀ.”

ನಾನು ಜಗಳಕ್ಕೆ ಸೊಂಟ ಕಟ್ಟಿ ಕೂತವಳು. ಆ ಕಡೆಯವರು ಹೀಗೆ ಕೈ ಬಿಟ್ಟರೆ ಏನು ಮಾಡಬೇಕು? ಗಂಟಲಲ್ಲಿ ಸಿದ್ಧವಾಗಿದ್ದ ಮಾತುಗಳೆಲ್ಲ ದಂಡವಾದವು. ಇಷ್ಟು ವರ್ಷ ಬೇಕಾಗಿದ್ದುದು ಕೈಗೆ ಬಂದಾಗಲೂ ಒಂದು ಕೆಲಸದ ರೂಪದಲ್ಲೇ ಬಂತಲ್ಲ ಎಂದು ಮತ್ತೊಂದು ಸಿಟ್ಟು ಹುಟ್ಟಿಕೊಂಡಿತು.

“ವೈನಿ, ಸ್ವಲ್ಪ ಮ್ಯಾಲ ನೋಡ್ರಿ,” ಎಂದ ದಸ್ತಗೀರಣ್ಣ, ರೂಢಿಯಂತೆ.

“ನಾ ಯಾಕ ಮ್ಯಾಲ ನೋಡ್ಲಿ? ನಂಗಿನ್ನೂ ಟೈಮ್ ಐತಿ,” ಎಂದು ನಾನು ಪಟದ ಹುಡುಗನನ್ನೇ ದುರುಗುಟ್ಟಿ ನೋಡುತ್ತ ಕೂತೆ. ಇವನಿಂದ ತಾನೆ ಎಲ್ಲ! ಹಾಗೇ ಬಂದಿದೆ. ನಾಲ್ಕಾರು ಸಲ ಗಾಡಿ ಹತ್ತಿ ಇಳಿದು, ಮಂಡಿ ನೋವಿಗೆ ಎಣ್ಣೆ ಹಚ್ಚಿಕೊಂಡು ಮುಗಿಸಿದ ಮೇಲೆ ನೋಡಿದರೆ, ಪಟದಲ್ಲಿ ನನ್ನ ಮೂಗು ಅದ್ಭುತವಾಗಿದೆ. ಕೈಗಳನ್ನು ದಸ್ತಗೀರಣ್ಣ ಸೆರಗಿನ ಒಳಗೆ ಮುಚ್ಚಿಬಿಟ್ಟಿದ್ದಾನೆ. ಕಣ್ಣು ಮಾತ್ರ ಓರೆಯಾಗಿ ಹುಡುಗನ ಮೇಲಿದೆ. ದೇವರ ಕಡೆ ನೋಡುತ್ತಿರುವ ಹುಡುಗ ಕಾಲು ಜಾರಿದರೆ ಹಿಡಿಯಲು ಕೂತವಳ ಹಾಗೆ.

ಪಟವನ್ನು ಮತ್ತೆ ಗೋಡೆಗೆ ಏರಿಸಿದ ದಿನ ಅತ್ತೆ ಕುರ್ಚಿ ಹಾಕಿಸಿಕೊಂಡು ಎದುರಿಗೆ ಕೂತರು. ಏನಾದರೂ ತಿದ್ದುಪಡಿ ಹೇಳುತ್ತಾರೆಂದು ನಾನು ಕಾದು ನಿಂತೆ. ಬಳೆ ಕಡಿಮೆಯಾಯಿತು, ಕುಂಕುಮ ದೊಡ್ಡದಾಗಬೇಕಿತ್ತು ಎಂದು ಏನಾದರೊಂದು. ಅವರು ಮಾತ್ರ, “ಇನ್ನ ದಸ್ತಗೀರನ ಕಡೆ ಹೋಗೂದು ಬ್ಯಾಡ. ಆತದು,” ಎಂದಷ್ಟೇ ಹೇಳಿ ಎದ್ದುಹೋಗಿ, ಅವತ್ತು ಮಧ್ಯಾಹ್ನ ಎಂದಿಲ್ಲದ ಹಾಗೆ ಗೊರಕೆ ಹೊಡೆದು ಮಲಗಿದರು.

ಮೊನ್ನೆ ಮಹಡಿಯ ಮೇಲೆ ಹೊಸದಾಗಿ ಬಾಡಿಗೆಗೆ ಬಂದ ಹೆಣ್ಣುಮಗಳು ಹೆಪ್ಪು ಕೇಳಲು ಬಟ್ಟಲು ಹಿಡಿದು ಬಂದಳು. ಪಟ ನೋಡಿದಳು. ನನ್ನನ್ನು ನೋಡಿದಳು. ದನಿ ತಗ್ಗಿಸಿದಳು.

“ಅಕ್ಕಾರ… ನಿಮ್ಮ ಮಗಾ ಏನ್ರಿ ಇವರು? ಬಾಜೂಕ ಕುಂತಾವ್ರು ನೀವ ಅಲ್ಲೇನ್ರಿ?”

ನಾನು ಸೊಂಟದ ಮೇಲೆ ಕೈಯಿಟ್ಟು, ಇವನು ನನ್ನ ಮಗನಲ್ಲ ಎಂಬಲ್ಲಿಂದ ಶುರುಮಾಡಬೇಕೆಂದು ಬಾಯಿ ತೆರೆದಿದ್ದೆ. ಒಳಗಿನಿಂದ, ಮಲಗಿದ್ದಲ್ಲಿಂದಲೇ ಅತ್ತೆಯ ದನಿ ಬಂತು:

“ಹೌದ ಯವ್ವಾ, ಅಕೀನ ತಾಯಿ. ಮೊದಲ ನಾ ಇದ್ದೆ.”

ಹೆಣ್ಣುಮಗಳಿಗೆ ಏನು ತಿಳಿಯಿತೋ, ಪಟಕ್ಕೊಂದು ನಮಸ್ಕಾರ ಮಾಡಿ, ಹೆಪ್ಪು ಮರೆತು ಮೆಟ್ಟಿಲು ಹತ್ತಿದಳು. ಅಷ್ಟರಲ್ಲಿ ಬಚ್ಚಲಿನಿಂದ ನಮ್ಮವರು, ಅರವತ್ತು ದಾಟಿದ ಗಂಡಸು, ಬಾಗಿಲು ಬಡಿದು ಕೂಗಿದರು: “ಏ, ಟಾವೆಲ್ ಮರತೇನಿ!”

“ಕೇಳಸಲಿಲ್ಲೇನ?” ಎಂದರು ಅತ್ತೆ ಒಳಗಿನಿಂದ, ಮಗ್ಗುಲು ಬದಲಿಸುತ್ತ. “ಹೋಗು, ಹುಡುಗ ಕರಿಯಾಕತ್ತಾನ.”

ಹೋದೆ.